ಗದ್ದೆಯ ದೈವಕ್ಕೆ ವಯಸ್ಸೆಷ್ಟು?

ಫಿಲಿಪ್ಪೀನ್ಸ್‌ನ ಲೂಜಾನ್ ದ್ವೀಪದ ಒಳಬೆಟ್ಟಗಳಲ್ಲಿ ಹುಂಗ್‌ಡುವಾನ್ ಎಂಬ ಪುರಸಭೆಯಿದೆ. ಇದು ಇಫುಗಾವೊ ಜನರ ಸೀಮೆ. ಮೆಟ್ಟಿಲುಗದ್ದೆಗಳು ಇಲ್ಲಿ ಜೇಡರ ಬಲೆಯ ಹಾಗೆ ಹರಡಿವೆ. ‘ತಿನಾವೊನ್’ ಭತ್ತ ವರ್ಷಕ್ಕೆ ಒಂದೇ ಬೆಳೆ. ಗದ್ದೆಗಳ ನೆತ್ತಿಯಲ್ಲಿ ಮನೆತನಗಳು ಕಾಪಾಡಿಕೊಂಡು ಬಂದ ‘ಮುಯೊಂಗ್’ ಕಾಡು. ಅದು ಉಳಿದರೆ ಕೆಳಗೆ ನೀರು. ಕಣಜದಲ್ಲಿ ಕಾವಲಿಗೆ ‘ಬುಲುಲ್’ ಎಂಬ ಮರದ ಮೂರ್ತಿ, ಅದರ ಪ್ರತಿಷ್ಠೆಗೆ ಹಂದಿಯ ರಕ್ತ. ‘ಮುಂಬಾಕಿ’ ಎಂಬ ಪುರೋಹಿತ ಪಿತೃಗಳನ್ನೂ ದೇವತೆಗಳನ್ನೂ ಹೆಸರು ಹಿಡಿದು ಕರೆಯುತ್ತಾನೆ.

ಈ ಗದ್ದೆಗಳಿಗೆ ಎರಡು ಸಾವಿರ ವರ್ಷವೆಂದು ಮಾನವಶಾಸ್ತ್ರಜ್ಞ ಓಟ್ಲಿ ಬೇಯರ್ ಅಂದಾಜಿಸಿದ್ದರು. 1995ರಲ್ಲಿ ಹುಂಗ್‌ಡುವಾನ್ ಸೇರಿ ಐದು ಗದ್ದೆಸಮೂಹಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗಲೂ ಅದೇ ಲೆಕ್ಕ ನಡೆಯಿತು. ಆಮೇಲೆ ಪುರಾತತ್ತ್ವಜ್ಞ ಸ್ಟೀಫನ್ ಅಕಾಬಾಡೊ ಮತ್ತು ಸಂಗಡಿಗರು ಇಫುಗಾವೊ ಸೀಮೆಯದೇ ಆದ ಕಿಯಾಂಗನ್ ಬಳಿಯ ಹಳೆಯ ಊರಿನ ನೆಲ ಅಗೆದರು. ಅಲ್ಲಿ ಮೊದಲು ಬೆಳೆಯುತ್ತಿದ್ದದ್ದು ಕೆಸುವಿನ ಗಡ್ಡೆ. ನೀರುಗದ್ದೆಯ ಭತ್ತ ಬಂದದ್ದು ಸುಮಾರು ನಾನೂರು ವರ್ಷಗಳ ಹಿಂದೆ, ತಗ್ಗುನಾಡನ್ನು ಸ್ಪೇನಿನವರು ಆಕ್ರಮಿಸಿದ ಮೇಲೆ ಎಂಬುದು ಅವರ ವಾದ.

ಹಾಗಾದರೆ ದೈವವೂ ಕಿರಿದಾಯಿತೇ? ಇಲ್ಲ. ಪ್ರಾಚೀನತೆಯೇ ಪಾವಿತ್ರ್ಯದ ಪುರಾವೆ ಎಂದು ನಂಬುವ ಅಭ್ಯಾಸ ನಮ್ಮಲ್ಲೂ ಇದೆ. ಕ್ಷೇತ್ರ ಹಳೆಯದಾದಷ್ಟೂ ಮಹಿಮೆ ಹೆಚ್ಚು ಎನ್ನುತ್ತೇವೆ. ಹುಂಗ್‌ಡುವಾನ್‌ನ ಅನುಭವ ಬೇರೆ. ಬೆಟ್ಟ ಸೇರಿದ ಜನ ಅಲ್ಲಿ ನಿಂತು ಬಾಳಲು ಕಟ್ಟಿದ ಬದುಗಳಿವು, ಆಳುವವರಿಗೆ ತಲೆಬಾಗದೆ ಉಳಿದ ಊರುಗಳ ಬೇಸಾಯ. ಕುಸಿದ ಬದುವನ್ನು ಪ್ರತಿವರ್ಷ ಎತ್ತಿ ಕಟ್ಟಬೇಕು, ಕಾಲುವೆ ಹೂಳು ತೆಗೆಯಬೇಕು, ಕಣಜ ತುಂಬಿದಾಗ ದೇವರಿಗೆ ಪಾಲು ಕೊಡಬೇಕು. ದೈವ ನೆಲೆಸಿರುವುದು ಈ ಋಣದಲ್ಲಿ ಎಂದರೆ, ನಾನೂರು ವರ್ಷ ಕಡಿಮೆಯೇನಲ್ಲ.

ಕೊಯ್ಲು ಮುಗಿದ ಮೇಲೆ ಹಪಾವೊ ಹೊಳೆಯಲ್ಲಿ ‘ಪುನ್ನುಕ್’ ನಡೆಯುತ್ತದೆ. ಊರೂರಿನವರು ನೀರಿಗಿಳಿದು, ಹುಲ್ಲಿನಲ್ಲಿ ಕಟ್ಟಿದ ‘ಕಿನಾ-ಅಗ್’ ಅನ್ನು ಕೊಕ್ಕೆಗೋಲುಗಳಿಂದ ಸಿಕ್ಕಿಸಿ ಎಳೆದಾಡುತ್ತಾರೆ. 2015ರಲ್ಲಿ ಇದೂ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಎಳೆಯುವವರಲ್ಲಿ ಬಹುಮಂದಿ ಈಗ ಕ್ರೈಸ್ತರು. ಭಾನುವಾರ ಚರ್ಚಿಗೆ ಹೋಗುವವರು ಹೊಳೆಗಿಳಿಯುವುದರಲ್ಲಿ ವಿರೋಧ ಹುಡುಕಬೇಕಿಲ್ಲ. ಗದ್ದೆಯ ಋಣ ಮತ ಬದಲಿಸಿದರೂ ತೀರುವಂಥದಲ್ಲ.

ನಿಜವಾದ ಕಷ್ಟ ಬೇರೆ ಕಡೆಯಿದೆ. ಪದ್ಧತಿಯ ಪ್ರಕಾರ ಗದ್ದೆ ಹಿರಿಯ ಮಗುವಿಗೆ. ಆ ಹಿರಿಯ ಮಗು ಈಗ ಬಾಗಿಯೊದಲ್ಲೋ ಮನಿಲಾದಲ್ಲೋ ಸಂಬಳಕ್ಕೆ ದುಡಿಯುತ್ತಿರಬಹುದು. ಬದು ಕಟ್ಟುವ ಕೈಗಳು ಕಡಿಮೆಯಾಗಿ, ಹಲವು ಗದ್ದೆಗಳು ಪಾಳುಬಿದ್ದವು. 2001ರಿಂದ 2012ರವರೆಗೆ ಈ ತಾಣ ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಯಲ್ಲಿತ್ತು.