ನೀರು ಬಿಟ್ಟುಹೋದ ಊರು, ನೀರು ಬಂದ ಊರು

ಬೆಲ್ಜಿಯಂನ ಬ್ರೂಜ್ ಪಟ್ಟಣದ ಕಲ್ಲುಹಾಸಿನ ಬೀದಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಇಟ್ಟಿಗೆಯ ಮುಂಗೋಡೆ ನೋಡಿದವರು ‘ಎಷ್ಟು ಚೆಂದ ಕಾಪಾಡ್ಯಾರ’ ಅನ್ನುತ್ತಾರೆ. ಬಹುಕಾಲ ಅದನ್ನು ಕಾಪಾಡಿದ್ದು ಬಡತನ. 15ನೆಯ ಶತಮಾನದ ಕೊನೆಯ ಹೊತ್ತಿಗೆ, ಊರನ್ನು ಕಡಲಿಗೆ ಕೂಡಿಸುತ್ತಿದ್ದ ಜ್ವಿನ್ ಕಾಲುವೆಯಲ್ಲಿ ಹೂಳು ತುಂಬಿತು. ವ್ಯಾಪಾರ ಆಂಟ್‌ವರ್ಪಿಗೆ ಹೋಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಿಸಲು ರೊಕ್ಕವಿರಲಿಲ್ಲ. ಊರು ಹಾಗೇ ಉಳಿಯಿತು. ಯುನೆಸ್ಕೊ ಪಟ್ಟಿಗೆ ಸೇರಿದ್ದು 2000ದಲ್ಲಿ.

ನಮ್ಮ ಜಮಖಂಡಿ ಸೀಮೆಯ ತುಬಚಿ ಎಂಬ ಊರಿನ ಕತೆ ಇದರ ತಿರುವುಮುರುವು. ಇಲ್ಲಿ ನೀರು ಬಂತು. ಸರಕಾರಕ್ಕಾಗಿ ಕಾಯದೆ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡ ಸೀಮೆ ಇದು. ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ ಕಾರ್ಖಾನೆಯ ಬಿಲ್ಲು, ಬಿಲ್ಲಿನ ಹಿಂದೆ ಆರ್‌ಸಿಸಿ ಮನೆ.

ಹೋದದ್ದು ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ಕಂಬ, ತೊಲೆ, ಜಂತಿ. ಅದರ ಮೇಲೆ ಸವಳು ಮಣ್ಣು. ಬೆಳೆಗೆ ಬಾರದ ಆ ಮಣ್ಣು ಹಸಿಯಾದರೆ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಂಡು ನೀರು ತಡೆಯುತ್ತದೆ. ನಡುಮನೆಗೆ ಮೇಲಿನಿಂದ ಒಂದು ಬೆಳಕಿಂಡಿ. ನಡುಮಧ್ಯಾಹ್ನ ಅದರಿಂದಿಳಿದ ಬಿಸಿಲು ನೆಲದ ಮೇಲೆ ರೊಟ್ಟಿಯಷ್ಟಗಲ ಬಿದ್ದಿರುತ್ತಿತ್ತು. ಮಳೆ ಬಂದರೆ ಯಾರಾದರೂ ಓಡಿಹೋಗಿ ಅದನ್ನು ಮುಚ್ಚಬೇಕು. (ಅದೇ ಸವಳು ಈಗ ಹೊಲಕ್ಕಿಳಿದಿದೆ. ಕಬ್ಬಿಗೆ ನೀರು ಹಾಯಿಸಿದ್ದು ಹೆಚ್ಚಾಗಿ ಜಮಖಂಡಿ, ಮುಧೋಳ ಸೀಮೆಯಲ್ಲಿ ಎಷ್ಟೋ ಹೊಲ ಸವಳು–ಜವಳಾಗಿವೆ.)

ಆ ಮಾಳಿಗೆ ಮನೆಯನ್ನು ಸೊಬಗು ಎನ್ನುವವರು ಯಾರು? ನೋಡಲು ಬಂದವರು. ಒಳಗಿದ್ದವರ ಮಾತು ಬೇರೆ: ‘ಮಾಳಗಿ ಸೋರತೈತಿ.’ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕಿ ತುಳಿಯುವ ದುಡಿಮೆ ಚಿತ್ರದಲ್ಲಿ ಕಾಣುವುದಿಲ್ಲ. ಹಡಗು ಬಾರದ ಕಾಲುವೆಯ ದಂಡೆಯಲ್ಲಿ ದಿನ ನೂಕಿದ ಬ್ರೂಜ್‌ನ ಮಂದಿಗೂ ತಮ್ಮ ಬೀದಿ ಚಿತ್ರದಂತೆ ಕಂಡಿರಲಾರದು. ಹಾಗಾಗಿ ಮಾಳಿಗೆ ಕೆಡವಿದವರ ಮೇಲೆ ನನಗೆ ಸಿಟ್ಟಿಲ್ಲ. ಏಪ್ರಿಲ್ ಬಿಸಿಲಿಗೆ ಕಾದ ಸ್ಲ್ಯಾಬಿನ ಕೆಳಗೆ ಮಲಗಿದವರು ಮಾತ್ರ ಮಣ್ಣಿನ ಗೋಡೆಯನ್ನು ನೆನೆಯುತ್ತಾರೆ. ಅದು ಸೊಬಗಿನ ಹಂಬಲವಲ್ಲ, ಮೈಯ ನೆನಪು.

ಜಮಖಂಡಿಯಲ್ಲಿ ಪಟವರ್ಧನ ಅರಸರ ರಾಮತೀರ್ಥದ ಅರಮನೆಗೆ ಹೆಸರಿದೆ, ನೋಡಲು ಜನ ಹೋಗುತ್ತಾರೆ. ಓಣಿಯ ಮನೆಗೆ ಯಾರು ದಿಕ್ಕು? ಬ್ರೂಜ್‌ನಲ್ಲಿ ನನ್ನ ಮನಸ್ಸು ನಿಲ್ಲುವುದು ಗೋಪುರದ ಮೇಲಲ್ಲ. ಬಡವರಿಗೂ ಮುದುಕರಿಗೂ ಎಂದು ಹಿಂದಿನವರು ಕಟ್ಟಿಸಿದ ಗಿಡ್ಡ ಸಾಲುಮನೆಗಳ ಮೇಲೆ. ಅವುಗಳಲ್ಲಿ ಇಂದಿಗೂ ವಯಸ್ಸಾದವರು ಬಾಳುತ್ತಿದ್ದಾರೆ, ದುರಸ್ತಿಯೂ ನಡೆಯುತ್ತದೆ. ನಮ್ಮಲ್ಲಿ ಮಾಳಿಗೆ ಕೆಡವಿ ಪಕ್ಕಾ ಮನೆ ಕಟ್ಟಿದರೆ ಸರಕಾರದ ಸಹಾಯಧನವುಂಟು. ಇದ್ದ ಮಾಳಿಗೆಗೆ ಮಣ್ಣು ಹಾಕಿಸುವವನು ತನ್ನ ಗಂಟನ್ನೇ ಬಿಚ್ಚಬೇಕು.