ಬಿಟ್ಟಿ ಕಲ್ಲಿನ ಲೆಕ್ಕ

ಶನಿವಾರ ಬಂತಂದ್ರೆ ನಮ್ಮ ಟೀಮಲ್ಲಿ ಒಂದೇ ಪ್ರಶ್ನೆ: "ಈ ಸಲ ಎಲ್ಲಿಗೆ?" ಎಲ್ಲಿಗೆ ಹೋದರೂ ಪಾರ್ಕಿಂಗು, ಕಾಫಿ, ಟಿಕೆಟ್ಟು ಅಂತ ಸಾವಿರ ರೂಪಾಯಿ ಮಾಯ. ಅದಕ್ಕೇ ಕೆಲವು ತಿಂಗಳಿಂದ ನಾನು ಬೆಂಗಳೂರಿನ ಬಿಟ್ಟಿ ಜಾಗಗಳನ್ನು ಹುಡುಕಿಕೊಂಡು ಸುತ್ತುತ್ತಿದ್ದೇನೆ. ಬಸವನಗುಡಿಯ ಬ್ಯೂಗಲ್ ರಾಕ್, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ ಶಾಸನ, ಕಾದಾಡಿ ಸತ್ತ ಕಿಟ್ಟಯ್ಯನದು. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು 890ರ ಇನ್ನೊಂದು ಕಲ್ಲು. ಅದರಲ್ಲಿ 'ಬೆಂಗಳೂರು ಕಾಳಗ'ದ ಮಾತಿದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟೋದಕ್ಕೂ ಆರು ಶತಮಾನ ಮೊದಲೇ ಈ ಹೆಸರಿತ್ತು!

ಬೇಗೂರಿನಲ್ಲಿ ಆ ಕಲ್ಲಿನ ಫೋಟೋ ತೆಗೆಯುತ್ತಾ ನಿಂತಿದ್ದಾಗ ನಮ್ಮೂರ ಕಲ್ಲು ನೆನಪಾಯ್ತು.

ನಮ್ಮ ಮನೆ ಮುಂದೆಯೂ ಒಂದು ವೀರಗಲ್ಲಿತ್ತು. ಕೆಳಗೆ ಕತ್ತಿ ಹಿಡಿದವನು, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ನಾವು ಅದಕ್ಕೆ ಕರು ಕಟ್ಟುತ್ತಿದ್ದೆವು, ಕುಡುಗೋಲು ಮಸೆಯುತ್ತಿದ್ದೆವು. ಹಬ್ಬದ ದಿನ ಅಜ್ಜಿ ತೊಳೆದು ಎಣ್ಣೆ ಹಚ್ಚುತ್ತಿದ್ದಳು. ನನಗೆ ಕೆಲಸ ಸಿಕ್ಕಮೇಲೆ ಮನೆಗೆ ಕಾಂಪೌಂಡ್ ಕಟ್ಟಿಸಿದೆ. ಮೇಸ್ತ್ರಿ ಫೋನ್ ಮಾಡಿ, "ಈ ಕಲ್ಲು ಅಡ್ಡ ಬರ್ತದೆ, ಪಾಯಕ್ಕೆ ಹಾಕ್ಲಾ?" ಅಂದ. ಮೀಟಿಂಗಲ್ಲಿದ್ದೆ. "ಹಾಕು" ಅಂದುಬಿಟ್ಟೆ.

ಕಾಂಪೌಂಡಿಗೆ ಎಸ್ಟಿಮೇಟ್ ಇತ್ತು, ಕಲ್ಲಿಗೆ ಇರಲಿಲ್ಲ. ಯಾರದ್ದೂ ಅಲ್ಲದ್ದು ಅಂದುಕೊಂಡಿದ್ದೆ. ಈಗ ಅನಿಸುತ್ತೆ, ಟಿಕೆಟ್ ಕೊಂಡ ಜಾಗದಲ್ಲಿ ನಮ್ಮ ಲೆಕ್ಕ ಗೇಟಿನಲ್ಲೇ ಚುಕ್ತಾ ಆಗುತ್ತೆ, ಹಾಳಾದರೆ ಓನರ್ ನೋಡ್ಕೋತಾನೆ. ಬಿಟ್ಟಿ ಸಿಕ್ಕಿದ್ದರ ಲೆಕ್ಕ ಹಾಗಲ್ಲ. ಯಾರೋ ಸತ್ತಿದ್ದಾರೆ, ಯಾರೋ ಕೆತ್ತಿದ್ದಾರೆ, ಆಮೇಲೆ ಬಂದವರೆಲ್ಲ ಒಡೆಯದೆ ಬಿಟ್ಟಿದ್ದಾರೆ. ಹೆಬ್ಬಾಳದ ಕಲ್ಲಿಗೆ ಜನ ಸೇರಿ ಮಂಟಪವನ್ನೇ ಕಟ್ಟಿದ್ದಾರೆ. ನಮ್ಮೂರಲ್ಲಿ ಆ ಸರದಿ ನನ್ನದಾಗಿತ್ತು.

ಅಜ್ಜಿಗೆ ಓದು ಬರ್ತಿರಲಿಲ್ಲ, ಕಲ್ಲಿನ ಕಾಲವೂ ಗೊತ್ತಿರಲಿಲ್ಲ. ಆದರೆ ಮೇಸ್ತ್ರಿ ಅವಳನ್ನ ಕೇಳಿದ್ದರೆ ಹಾಕು ಅನ್ನುತ್ತಿರಲಿಲ್ಲ.

ಈ ವೀಕೆಂಡ್ ಬೇಗೂರಿಗೆ ಹೋಗಿಬನ್ನಿ, ದುಡ್ಡೇನೂ ಬೇಡ. ವಾಪಸ್ ಬರುವಾಗ ಊರಿಗೊಂದು ಫೋನ್ ಮಾಡಿ, ನಿಮ್ಮೂರ ಕಲ್ಲು ಇನ್ನೂ ಇದೆಯಾ ಅಂತ ಕೇಳಿ. ನಾನು ಕೇಳೋ ಹಾಗಿಲ್ಲ. ನಮ್ಮ ಕಾಂಪೌಂಡ್ ಮಾತ್ರ ಗಟ್ಟಿಯಾಗಿದೆ.