ತಿದ್ದಿದ ಚಿತ್ರ ಮತ್ತು ನಿಜದ ಪ್ರಶ್ನೆ

ಚಿತ್ರ ತಿದ್ದುವ ತಂತ್ರಾಂಶದ ಮೆನುಗಳಲ್ಲಿ ಇರುವುದು ಆದೇಶಗಳು ಮಾತ್ರ. ಯಾವ ತಿದ್ದುಪಡಿ ಸರಿ, ಯಾವುದು ಸುಳ್ಳು ಎಂಬ ವಿವೇಚನೆ ಅವುಗಳಲ್ಲಿಲ್ಲ. ಮನ್ನಾಏಖೇಳ್ಳಿ, ಹುಮನಾಬಾದ್, ಬಸವಕಲ್ಯಾಣದ ಸೀಮೆಯಲ್ಲಿ ಈ ವಿವೇಚನೆಗೆ ಧಾರ್ಮಿಕ ಮಗ್ಗುಲೂ ಇದೆ. ಬಸವ ಜಯಂತಿಯ ಬ್ಯಾನರು, ಮದುವೆಯ ಆಲ್ಬಮ್ಮು, ಶ್ರದ್ಧಾಂಜಲಿಯ ಫ್ಲೆಕ್ಸು ಇವೆಲ್ಲ ಸಿದ್ಧವಾಗುವುದು ಅದೇ ಮೆನುಗಳಿಂದ.

ಫೋಟೊಶಾಪ್ 1990ರಲ್ಲಿ ಹೊರಬಂತು. ಅದರ ಇಮೇಜ್ ಮೆನುವಿನ ಲೆವೆಲ್ಸ್, ಕರ್ವ್ಸ್‌ನಂಥ ಆದೇಶಗಳು ಚಿತ್ರದ ಬಿಂದುಗಳನ್ನೇ ಬದಲಿಸುತ್ತವೆ. ಹಾಗೆ ಬದಲಿಸಿ ಸೇವ್ ಮಾಡಿ ಮುಚ್ಚಿದ ಮೇಲೆ ಎಡಿಟ್ ಮೆನುವಿನ ಅನ್‌ಡೂ ಕೂಡ ಹಳೆಯದನ್ನು ಮರಳಿಸದು. 1994ರ ಮೂರನೆಯ ಆವೃತ್ತಿಯಲ್ಲಿ ಲೇಯರ್‌ಗಳು ಬಂದವು. 1996ರ ನಾಲ್ಕನೆಯ ಆವೃತ್ತಿಯಿಂದ ಬೆಳಕು, ಬಣ್ಣಗಳ ತಿದ್ದುಪಡಿಯನ್ನೂ ಪ್ರತ್ಯೇಕ ಪದರವಾಗಿ ಇಡಬಹುದಾಯಿತು. ಆಗ ಮೂಲ ಕೆಳಗೆ ಹಾಗೆಯೇ ಉಳಿಯುತ್ತದೆ, ಬದಲಾವಣೆ ಅದರ ಮೇಲೆ ಕೂರುತ್ತದೆ. ಆದರೆ ಮೂಲ ಉಳಿದದ್ದು ಮಾಡಿದವನ ಕಡತದಲ್ಲಿ ಮಾತ್ರ. ಅಚ್ಚಾದ ಫ್ಲೆಕ್ಸ್ ನೋಡುವವರಿಗೆ ಕಾಣುವುದು ಮೇಲಿನ ಪದರವೇ. ಆದ್ದರಿಂದ ಮೂಲವನ್ನು ಕಾಪಾಡಿದ ಮಾತ್ರಕ್ಕೆ ಚಿತ್ರ ಪ್ರಾಮಾಣಿಕವಾಗುವುದಿಲ್ಲ.

ಫೋಟೊದ ವಿಷಯದಲ್ಲಿ ನಿರ್ಣಾಯಕವಾದುದು ನೋಡುವವರು ಏನನ್ನು ನಂಬುತ್ತಾರೆ ಎಂಬುದು. ಕತ್ತಲಲ್ಲಿ ತೆಗೆದ ಮುಖವನ್ನು ಲೆವೆಲ್ಸ್‌ನಿಂದ ಬೆಳಗಿಸಿದರೆ ಕ್ಯಾಮೆರಾದ ಕೊರತೆ ನೀಗುತ್ತದೆ. ಅದೇ ಆದೇಶದಿಂದ ಕಪ್ಪು ಮೈಬಣ್ಣವನ್ನು ಬೆಳ್ಳಗೆ ಮಾಡಿದರೆ ವ್ಯಕ್ತಿಯೇ ಬದಲಾಗುತ್ತಾನೆ. ಬಸವಣ್ಣನವರ ಚಿತ್ರದ ಕೆಳಗೆ ಊರ ಮುಖಂಡರ ಮುಖಗಳನ್ನು ಸಾಲಾಗಿ ಜೋಡಿಸಿದ ಬ್ಯಾನರ್ ಯಾರನ್ನೂ ವಂಚಿಸುವುದಿಲ್ಲ, ಏಕೆಂದರೆ ಅದು ಜೋಡಣೆಯೆಂದು ಎಲ್ಲರಿಗೂ ಗೊತ್ತು. ಎಂದೂ ಭೇಟಿಯಾಗದ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಫೋಟೊ ಎಂದು ತೋರಿಸಿದರೆ ಅದು ವಂಚನೆ. ಎರಡರಲ್ಲೂ ಬಳಕೆಯಾದದ್ದು ಅದೇ ಸೆಲೆಕ್ಟ್ ಮೆನು, ಅದೇ ಲೇಯರ್ ಮೆನು.

ಬಸವಣ್ಣನವರ ಚಿತ್ರಕ್ಕೆ ಈ ಅಳತೆಗೋಲು ಸಾಲದು. 1260ರ ಅರ್ಜುನವಾಡ ಶಾಸನ ಅವರ ಮನೆತನವನ್ನು ಹೆಸರಿಸುತ್ತದೆ. ಆದರೆ ಅವರು ಬದುಕಿದ್ದಾಗಲೇ ಬರೆದ ಭಾವಚಿತ್ರ ಉಳಿದು ಬಂದಿಲ್ಲ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ ಸರ್ಕಾರಿ ಕಚೇರಿಗಳಿಗೆ ಬಂದ ಭಾವಚಿತ್ರವೂ ಕಲಾವಿದರ ಕಲ್ಪನೆಯ ಪರಂಪರೆಗೆ ಸೇರಿದ್ದೇ. ಹೋಲಿಸಲು ಮೂಲವೇ ಇಲ್ಲದಾಗ ಮೂಗಿನ ಆಕಾರ, ಮೈಬಣ್ಣ ತಪ್ಪಾಗಿದೆ ಎನ್ನಲು ಆಧಾರವಿಲ್ಲ.

ಹಾಗೆಂದು ಅಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ಬಸವಣ್ಣನವರು ಉಪನಯನವನ್ನು ನಿರಾಕರಿಸಿದರೆಂದು ಪರಂಪರೆ ಹೇಳುತ್ತದೆ. ಹೊಸ ಪದರವೊಂದನ್ನು ತೆರೆದು ಅವರ ಹೆಗಲಿಗೆ ಜನಿವಾರ ಬರೆದರೆ, ಮುಖದ ಒಂದು ಬಿಂದುವೂ ಕದಲದಿದ್ದರೂ ಚಿತ್ರ ಸುಳ್ಳಾಗುತ್ತದೆ. ಅವರ ತಲೆಯ ಮೇಲೆ ಕಿರೀಟ ಬರೆಯುವ ಪ್ರಶ್ನೆ ಇಷ್ಟು ಸರಳವಲ್ಲ. ಅರಸ ಬಿಜ್ಜಳನ ಆಸ್ಥಾನದಲ್ಲಿ ಅವರಿಗಿದ್ದ ಭಂಡಾರಿಯ ಪದವಿಯನ್ನು ಅದು ಸೂಚಿಸುತ್ತದೆಂದು ಸಮರ್ಥಿಸಬಹುದು. ಕಾಯಕವನ್ನೂ ಸಮಾನತೆಯನ್ನೂ ಸಾರಿದವರನ್ನು ಅದು ಅರಸನನ್ನಾಗಿಸುತ್ತದೆಂದು ಆಕ್ಷೇಪಿಸಲೂಬಹುದು. ಯಾವ ವಾದವೂ ಮುಖದ ಹೋಲಿಕೆಯನ್ನು ಆಶ್ರಯಿಸುವುದಿಲ್ಲ. ಎರಡೂ ಅವರ ಬದುಕು ಏನನ್ನು ಹೇಳಿತು ಎಂಬುದನ್ನೇ ಆಧರಿಸಿವೆ.

ಶರಣ ಚಿಂತನೆಯೂ ಇದನ್ನೇ ಬೆಂಬಲಿಸುತ್ತದೆ. ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗಕ್ಕೆ ಮುಖವಿಲ್ಲ. ಅದು ಅರಿವಿನ ಕುರುಹು. ಕುರುಹು ಅರಿವಿನತ್ತ ಒಯ್ಯಬೇಕು, ಅರಿವಿನ ಜಾಗದಲ್ಲಿ ತಾನೇ ಕೂರಬಾರದು. ಗೋಡೆಯ ಮೇಲಿನ ಭಾವಚಿತ್ರವನ್ನೂ ಈ ನೆಲೆಯಿಂದಲೇ ನೋಡಬೇಕಾಗುತ್ತದೆ. ಫೋಟೊ ನಡೆದ ಘಟನೆಗೆ ಹೊಣೆ; ಶರಣರ ಚಿತ್ರ ಅವರ ನಡೆನುಡಿಗೆ ಹೊಣೆ. ಯಾವ ಆದೇಶವನ್ನು ಎಲ್ಲಿಯವರೆಗೆ ಬಳಸಬಹುದು ಎಂಬುದು ಈ ಎರಡು ಹೊಣೆಗಳಲ್ಲಿ ಯಾವುದು ಮುಂದಿದೆ ಎಂಬುದರಿಂದ ನಿರ್ಧಾರವಾಗುತ್ತದೆ.